ಸೈರನ್ ಕೂಗಿದಾಗ

ಫುನಾಫುಟಿ
ಆಗಸ್ಟ್ ೧೪

ಪ್ರೀತಿಯ ಅಜ್ಜಿ,

ನಿನ್ನ ಮಂಡಿನೋವು ಹೇಗಿದೆ? ಕೆಮ್ಮು ಬಿಟ್ಟಿತೇ? ಇಲ್ಲಿ ಅತ್ತೆ ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನನ್ನ ಕಾಲಿಗೆಂದು ನೀನು ಹಡಗಿನಲ್ಲಿ ಕಳಿಸಿದ ಕೊಬ್ಬರಿ ಎಣ್ಣೆ ಬಂತು. ಇನ್ನೂ ಮುಚ್ಚಳ ತೆಗೆದಿಲ್ಲ. ಬಾಟಲಿ ಕಂಡರೆ ಮುಖ ಆಚೆ ತಿರುಗಿಸುತ್ತೇನೆ.

ಓಡುವಾಗ ನನ್ನ ಕಾಲು ಹಿಡಿಯಿತು ಎಂದು ರೇಡಿಯೋದಲ್ಲಿ ಕೇಳಿದೆಯಲ್ಲ, ಅದು ಸುಳ್ಳು ಅಜ್ಜಿ. ನೀನು ಇಲ್ಲಿಗೆ ಬಂದಾಗ ನೋಡಿದ್ದೀಯ, ನಾವು ಓಡುವುದು, ಚೆಂಡಾಡುವುದು ಎಲ್ಲಾ ವಿಮಾನ ಇಳಿಯುವ ದಾರಿಯ ಮೇಲೆಯೇ. ವಿಮಾನ ಬರುವ ಸೈರನ್ ಕೂಗಿದರೆ ಬದಿಗೆ ಓಡಬೇಕು. ಐದು ವರ್ಷದಿಂದ ನನಗೆ ಅದೇ ಅಭ್ಯಾಸ. ಪರದೇಶದ ಅಪಿಯಾದ ಕ್ರೀಡಾಕೂಟದಲ್ಲಿ ಮೂರನೇ ಸುತ್ತು ಓಡುತ್ತಿದ್ದೆ. ಕೊನೆಯವನೇನೂ ಅಲ್ಲ, ನನ್ನ ಹಿಂದೆ ಇನ್ನಿಬ್ಬರಿದ್ದರು. ಹೊರಗೆ ರಸ್ತೆಯಲ್ಲಿ ಬೆಂಕಿ ಆರಿಸುವ ಗಾಡಿ ಸೈರನ್ ಕೂಗಿತು. ನನ್ನ ಕಾಲು ತಾನೇ ಹುಲ್ಲಿಗೆ ಹಾರಿತು. ಹಾರಿ ನಿಂತು, ಅಜ್ಜಿ, ನಾನು ಆಕಾಶ ನೋಡಿದೆ. ಸಾವಿರಾರು ಜನ ನಗುವಾಗ ನಾನೆಲ್ಲಿದ್ದೇನೆಂದು ತಿಳಿಯಿತು. ಅಷ್ಟರಲ್ಲಿ ನನ್ನ ಓಟ ಮುಗಿದಿತ್ತು.

ನಮ್ಮ ತರಬೇತಿಯ ಮೇಷ್ಟ್ರು ಓಡಿ ಬಂದು “ಏನಾಯ್ತೋ ಲಪಾನಾ?” ಅಂದರು. ಕಾಲು ಹಿಡಿಯಿತು ಎಂಬ ಸುಳ್ಳು ಬಾಯಿಗೆ ಬಂತು. ಭಾರ ಎತ್ತುವ ಸ್ಪರ್ಧೆಗೆ ಬಂದಿದ್ದ ನಮ್ಮೂರಿನ ಸುಲಾಮಿ ಮಾತ್ರ ಊಟಕ್ಕೆ ಕೂತಾಗ “ಲೋ, ವಿಮಾನ ಬಂತೇನೋ?” ಅಂದಳು. ಅವಳಿಗೆ ನಿಜ ತಿಳಿದಿತ್ತು. ಅವಳು ಯಾರಿಗೂ ಹೇಳಲಿಲ್ಲ. ತನ್ನ ಸ್ಪರ್ಧೆಯಲ್ಲಿ ಅವಳು ಕೊನೆಯವಳಾದಳು, ಆದರೂ ಎಲ್ಲರ ಮುಂದೆ ಕುಣಿದಳು. ನನಗೆ ಅದೂ ಆಗಲಿಲ್ಲ.

ಇಲ್ಲಿ ವಿಮಾನ ಇಳಿಯುವಾಗ ಕಿಟಕಿಯಿಂದ ನೋಡಿದೆ. ಹುಡುಗರು ಚೆಂಡು ಹಿಡಿದು ಬದಿಯಲ್ಲಿ ನಿಂತು ಮೇಲೆ ನೋಡುತ್ತಿದ್ದರು, ನಾನು ಅಪಿಯಾದಲ್ಲಿ ನಿಂತ ಹಾಗೆಯೇ. ನಾನು ಮೆಟ್ಟಿಲು ಕುಂಟುತ್ತಾ ಇಳಿದೆ. ಮುದುಕರೊಬ್ಬರು ನನ್ನ ಚೀಲ ಹೊತ್ತರು. ನಿನ್ನೆ ಅತ್ತೆ “ಮೊನ್ನೆ ಎಡಗಾಲು ಕುಂಟ್ತಿದ್ದೆ, ಇವತ್ತು ಬಲಗಾಲಾ?” ಎಂದು ಕೇಳಿದರು. ಅಳು ಬಂತು. ಅವರು ನೋವಿಗೆ ಅಳುತ್ತಾನೆ ಎಂದುಕೊಂಡು ಗಂಜಿ ಮಾಡಿ ಕೊಟ್ಟರು.

ನನ್ನ ಕಾಲಿಗಾಗಿ ಭಾನುವಾರ ಊರೆಲ್ಲ ಸೇರಿ ಪ್ರಾರ್ಥನೆ ಮಾಡುತ್ತದಂತೆ. ನಾನು ಊರಿಗೆ ಬಂದ ಮೇಲೆ ಹಂದಿ ಕಡಿದು, ಸಭಾಮನೆಯಲ್ಲಿ ಹಿರಿಯರಿಗಷ್ಟೇ ಸಲ್ಲುವ ತಾತನ ಕಂಬಕ್ಕೆ ನನ್ನನ್ನು ಒರಗಿಸಿ ಕೂರಿಸುತ್ತಾರಂತೆ. ಅದಕ್ಕೇ ಈ ಹಡಗಿಗೆ ನಾನು ಬರುತ್ತಿಲ್ಲ. ಯಾರಾದರೂ ಕೇಳಿದರೆ ಕಾಲು ವಾಸಿಯಾಗಿಲ್ಲ ಎನ್ನು. ನಿನ್ನೊಬ್ಬಳಿಗೇ ಹೇಳಿದ್ದೇನೆ, ಇದು ನಿನ್ನಲ್ಲೇ ಇರಲಿ. ಬೈಯುವುದಾದರೆ ಮೆಲ್ಲಗೆ ಬೈಯಿ.

ಚಿಕ್ಕಪ್ಪನಿಗೂ ಪಕ್ಕದ ಮನೆಯವರಿಗೂ ನಮಸ್ಕಾರ ಹೇಳು. ನಿನ್ನ ಕೈ ನನ್ನ ತಲೆಯ ಮೇಲಿರಲಿ.

ನಿನ್ನ ಮೊಮ್ಮಗ
ಲಪಾನಾ

ಮರೆತಿದ್ದೆ: ಊರಿಗೆ ಹೊರಟ ಸುಲಾಮಿ ಪತ್ರ ಒಯ್ಯಲು ಬಾಗಿಲಲ್ಲಿ ನಿಂತಿದ್ದಾಳೆ, ಹಡಗು ಹೊರಡುತ್ತದೆ ಎಂದು ಅವಸರ ಮಾಡುತ್ತಿದ್ದಾಳೆ. ಅಜ್ಜಿ, ನಿನ್ನಲ್ಲೇ ಇರಲಿ ಎಂದು ಬರೆದೆನಲ್ಲ, ಅದು ಬೇಡ. ಭಾನುವಾರ ಪ್ರಾರ್ಥನೆಗೆ ಮೊದಲು ಇದನ್ನು ಸಭಾಮನೆಯಲ್ಲಿ ಓದಿಸು. ಸುಲಾಮಿಯೇ ಓದಲಿ, ಅವಳ ದನಿ ದೊಡ್ಡದು. ಆಕಾಶ ನೋಡಿದ್ದನ್ನೂ ಬಿಡದೆ ಓದಲಿ. ನಗುತ್ತಾರೆ, ನಗಲಿ. ಮುಂದಿನ ಹಡಗಿಗೆ ಬರುತ್ತೇನೆ, ಎಣ್ಣೆ ನಿನ್ನ ಮಂಡಿಗೇ ತರುತ್ತೇನೆ. ನನಗೆ ಚಾಪೆ ತಾತನ ಕಂಬದ ಹತ್ತಿರ ಬೇಡ, ಬಾಗಿಲ ಹತ್ತಿರ ಹಾಕು.