ಅಕ್ಕ ಇಳಿಸಿದ ಶ್ರುತಿ

ಅಕ್ಕಾ,

ಇವತ್ತಿನ ಹಾಡಿಗೆ ಆದ ಖರ್ಚು: ಪಿಯಾನೋ ಶ್ರುತಿ ಮಾಡುವವನ ಕೂಲಿ, ಅಂಗಡಿಗೆ ಅರ್ಧ ದಿನ ರಜೆ, ನನ್ನ ಮರ್ಯಾದೆ. ಮೊದಲೆರಡನ್ನು ಹೇಗೋ ಸರಿದೂಗಿಸಬಹುದು.

ನೀನು ತೀರಿಕೊಂಡ ಮೇಲೆ ಮುಚ್ಚಿಯೇ ಇದ್ದ ಪಿಯಾನೋವನ್ನು ನಿನ್ನ ಮಗಳು ಇವತ್ತು ತೆರೆದಳು. ಮನೆಗೆ ಬಂದವರಿಗೆಲ್ಲ ನೀನು ನುಡಿಸಿ ನಾನು ಹಾಡಿ ತೋರಿಸುತ್ತಿದ್ದ ಆ ಸಂಗೀತ ನಾಟಕದ ಪುಸ್ತಕವನ್ನೇ ಮುಂದಿಟ್ಟುಕೊಂಡಳು. ನಾಯಕ ಊರು ಬಿಡುವ ಹಾಡು ನನ್ನದೇ ತಾನೇ? ಎದೆಯುಬ್ಬಿಸಿ ನಿಂತೆ. ಕೊನೆಯ ಸಾಲಿನ ಎತ್ತರದ ಸ್ವರದಲ್ಲಿ ಗಂಟಲು ಕೈಕೊಟ್ಟಿತು.

"ಶ್ರುತಿ ಯಾಕೆ ಏರಿಸಿದ್ಯೇ?" ಎಂದು ಗದರಿದೆ.

"ನಾನೆಲ್ಲಿ ಏರಿಸ್ದೆ ಮಾಮ? ಪುಸ್ತಕದಲ್ಲಿರೋದೇ ಇಷ್ಟು ಎತ್ತರ. ಅಮ್ಮ ನಿಮಗೋಸ್ಕರ ಇಳಿಸಿ ನುಡಿಸ್ತಿದ್ಲು. ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ. ನಾನು ಕಿವಿಯಿಂದ ಕಲಿತವನು. ಆ ಪುಟಗಳು ನನಗೆ ಬರೀ ಇರುವೆ ಸಾಲು. ಈಗ ತಿರುವಿ ತಿರುವಿ ನೋಡಿದೆ, ನಿನ್ನದೊಂದು ಪೆನ್ಸಿಲ್ ಗುರುತೂ ಇಲ್ಲ.

"ಇಳಿಸ್ಲಾ ಮಾಮ?" ಎಂದಳು. ಪುಸ್ತಕದ ಸ್ವರ ನೋಡುತ್ತಾ, ಒಂದೊಂದನ್ನೂ ಮನಸ್ಸಿನಲ್ಲೇ ಇಳಿಸಿಕೊಂಡು ನುಡಿಸಿದಳು. ಎರಡನೇ ಪುಟದಲ್ಲಿ ಅವಳ ಕೈ ತಡವರಿಸಿತು, ನಿನ್ನ ಕೈ ತಡವರಿಸುತ್ತಿದ್ದ ಜಾಗದಲ್ಲೇ. "ಅಕ್ಕನ ಬೆರಳು ಎಡವಿದ್ರೂ ತಮ್ಮನ ಗಂಟಲು ಕಾಪಾಡುತ್ತೆ" ಎಂದು ನಾನು ಎಲ್ಲರನ್ನೂ ನಗಿಸುತ್ತಿದ್ದುದು ಅಲ್ಲೇ. ನೀನೂ ನಗುತ್ತಿದ್ದೆ.

ಆಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಅಂಗಡಿ ತೆರೆದೆ, ಮುಚ್ಚಿದೆ, ಮತ್ತೆ ಈ ಪಿಯಾನೋ ಹತ್ತಿರವೇ ಬಂದೆ.

ಒಟ್ಟು ಲೆಕ್ಕ ಇಷ್ಟು: ನಿನ್ನ ಮಗಳಿಗೆ ಪಿಯಾನೋ ಸಿಕ್ಕಿತು. ನನಗೆ ಅಷ್ಟೂ ವರ್ಷಗಳ ಚಪ್ಪಾಳೆ ಸಿಕ್ಕಿತು. ನಿನಗೆ ಸಿಕ್ಕಿದ್ದು ನನ್ನ ಆ ತಮಾಷೆ.