ರಿವಾಲ್ವರ್ ಯಾವುದೆಂದು ಕೇಳಿದ್ದಕ್ಕೆ

ವಿಶಾಖಪಟ್ಟಣ
ಭಾನುವಾರ, ೯ ಫೆಬ್ರವರಿ ೨೦೨೫

ಪ್ರೀತಿಯ ಅಪ್ಪಾಜಿ,

ಸಿಟ್ಟಿನಲ್ಲೇ ಕೂತು ಬರೆಯುತ್ತಿದ್ದೇನೆ, ಆದರೂ ಮೊದಲು ನಮಸ್ಕಾರ. ಈ ತಿಂಗಳು ಸಕ್ಕರೆ ಎಷ್ಟು ಬಂತು? ಹಿರಿಯೂರಿನ ಹೊಸ ಡಾಕ್ಟರು ಬರೆದುಕೊಟ್ಟ ಮಾತ್ರೆ ಹೊಟ್ಟೆಗೆ ಒಗ್ಗುತ್ತಿಲ್ಲವೆಂದು ನಿಲ್ಲಿಸಿಬಿಡಬೇಡಿ, ಊಟವಾದ ಮೇಲೆ ತೆಗೆದುಕೊಂಡು ನೋಡಿ. ಕಾಳಮ್ಮತ್ತೆಯ ಮಂಡಿಗೆ ಕಳಿಸಿದ ಪಟ್ಟಿ ಅಳತೆಗೆ ಸರಿಯಾಯಿತೆ? ಬಿಗಿಯಾದರೆ ಸುಮ್ಮನೆ ಕಪಾಟಿನಲ್ಲಿಡದೆ ಹೇಳಲಿ, ಬೇರೆ ಕಳಿಸುತ್ತೇನೆ. ಫೋನಿನಲ್ಲಿ ನಾವಿಬ್ಬರು ಮಾತಾಡಲು ಶುರುಮಾಡಿದರೆ ಎರಡು ನಿಮಿಷಕ್ಕೆ ನೀವು ಕಟ್ ಮಾಡುತ್ತೀರಿ. ಕಾಗದವನ್ನು ಹಾಗೆ ಕಟ್ ಮಾಡಲಾಗುವುದಿಲ್ಲ. ಹರಿದು ಹಾಕಬಹುದು, ಅದಕ್ಕೂ ಮೊದಲು ಒಮ್ಮೆ ಓದಿ. ಅತ್ತೆಗೂ ಗಟ್ಟಿಯಾಗಿ ಓದಿ ಹೇಳಿ.

ನವೆಂಬರಿನಲ್ಲಿ ಬಿಂದು ವಿಜಯವಾಡದಿಂದ ರತ್ನಾಚಲ್ ರೈಲು ಹತ್ತಿ ಮಗಳನ್ನು ಕರೆದುಕೊಂಡು ನನ್ನ ಮನೆಗೆ ಬಂದಳೆಂದು ನಿಮಗೆ ಗೊತ್ತು. ಹೇಗೆ ಬಂದಳೆಂದು ಗೊತ್ತಿಲ್ಲ. ಕೈಯಲ್ಲಿದ್ದದ್ದು ಒಂದೇ ಚೀಲ, ಅದರಲ್ಲೂ ಮುಕ್ಕಾಲು ಪಾಲು ತೇಜಳ ಬಟ್ಟೆ. ಐದು ವರ್ಷದ ಆ ಮಗು ಕುರ್ಚಿಯಲ್ಲೇ ನಿದ್ದೆಹೋಯಿತು. ನಿಮ್ಮ ಕಿರಿಯ ಮಗಳು ನೀರು ಕೂಡ ಕುಡಿಯದೆ ಮೊದಲು ಕೇಳಿದ್ದು, "ಅಕ್ಕ, ಬಾಗಿಲಿಗೆ ಒಳಗಿಂದ ಎಷ್ಟು ಚಿಲಕ ಐತೆ?" ಎಂದು. ಹತ್ತು ವರ್ಷ ಚಿಕ್ಕವಳಾದ ತಂಗಿ ಹಾಗೆ ಕೇಳಿದಾಗ ನನಗಾದದ್ದನ್ನು ಬರೆಯಲು ಹೋಗುವುದಿಲ್ಲ. ನಿಮ್ಮ ಅಳಿಯ ಅನಿರುದ್ಧ್ ಆ ಸಂಜೆಯಿಂದಲೇ ಫೋನ್ ಮಾಡತೊಡಗಿದ. ಎಲ್ಲಿದ್ದೀರೆಂದು ಗೊತ್ತಾದ ದಿನ ಆ ಮನೆಗೆ ಬಾಗಿಲು ಇರುವುದಿಲ್ಲ ಎಂದ. ನಾನು ವೈಜಾಗಿನಲ್ಲಿರುವುದು ಅವನಿಗೆ ತಿಳಿದಿತ್ತು. ಆದರೆ ಹಿಂದಿನ ವರ್ಷ ಗಾಜುವಾಕದ ಒಳರಸ್ತೆಯ ಮನೆಗೆ ಬದಲಾಯಿಸಿದ್ದೆನಲ್ಲ, ಆ ವಿಳಾಸ ಅವನಿಗೆ ತಿಳಿದಿರಲಿಲ್ಲ. ನಮ್ಮ ಕಡೆಯವರಲ್ಲಿ ಅದು ಗೊತ್ತಿದ್ದದ್ದು ನಿಮಗೊಬ್ಬರಿಗೇ.

ಆಗಲೇ ನನಗೆ ಬಂದೂಕಿನ ಯೋಚನೆ ಬಂದದ್ದು. ಪರವಾಡದ ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ಹದಿನೆಂಟು ವರ್ಷ ದುಡಿದವಳು ನಾನು. ಬೆಳಿಗ್ಗೆ ಆರೂವರೆಗೆ ಕಂಪನಿ ಬಸ್ಸು ಹತ್ತಿದರೆ ಸಂಜೆಯವರೆಗೆ ಮನೆಯಲ್ಲಿ ಅವರಿಬ್ಬರೇ. ಇಪ್ಪತ್ತಾರು ವರ್ಷ ಬ್ಯಾಂಕಿನ ಬಾಗಿಲಲ್ಲಿ ಜೋಡುನಳಿಗೆ ಬಂದೂಕು ಹಿಡಿದು ನಿಂತವರ ಮಗಳು ಮತ್ತೆ ಯಾರನ್ನು ಕೇಳಬೇಕಿತ್ತು? ನಿಮಗೇ ಫೋನ್ ಮಾಡಿ, ಮನೆಯಲ್ಲಿಡಲು ಕೈಗೆಟುಕುವ ಬೆಲೆಯ ರಿವಾಲ್ವರ್ ಯಾವುದು, ಹೆಂಗಸಿನ ಕೈಗೆ ಯಾವುದು ಹಿಡಿತಕ್ಕೆ ಬರುತ್ತದೆ ಎಂದು ಕೇಳಿದೆ. "ಗನ್ನು ಗಿನ್ನು ನಿಮಗ್ಯಾಕವ್ವ? ಅವಳನ್ನ ಗಂಡನ ಮನೆಗೆ ಕಳ್ಸು, ಎಲ್ಲ ತಣ್ಣಗಾಗ್ತತೆ" ಎಂದಿರಿ. ನಾನು ಇನ್ನೂ ಫೋನ್ ಹಿಡಿದೇ ನಿಂತಿದ್ದೆ, ನೀವು ಇಟ್ಟುಬಿಟ್ಟಿದ್ದಿರಿ. ಆ ಮಾತಿಗೇ ನನಗೆ ಹಟ ಹುಟ್ಟಿತು. ನೀವು ಹೇಳಿಕೊಡದಿದ್ದರೆ ನಾನೇ ಕಲಿಯುತ್ತೇನೆ ಎಂದುಕೊಂಡೆ.

ಇಲ್ಲಿನ ಬಂದೂಕಿನ ಅಂಗಡಿಯಾತ ನನ್ನನ್ನು ಕೂರಿಸಿ ಟೀ ತರಿಸಿ, "ಸರ್‌ನ ಕರ್ಕೊಂಡು ಬನ್ನಿ ಮೇಡಂ, ಅವರಿಗೇ ತೋರಿಸ್ತೀನಿ" ಎಂದ. ಯಾವ ಸರ್ ಎಂದು ಕೇಳಿ ಎದ್ದು ಬಂದೆ. ಡಿಸೆಂಬರಿನಲ್ಲಿ ತೇಜಳ ಶಾಲೆಯಿಂದ ಟಿ.ಸಿ. ತರಲು ವಿಜಯವಾಡಕ್ಕೆ ಒಬ್ಬಳೇ ಹೋದೆ. ಬಿಂದುವನ್ನು ಆ ಊರಿಗೆ ಕರೆದೊಯ್ಯುವ ಧೈರ್ಯವಿರಲಿಲ್ಲ. ಟಿ.ಸಿ. ಸಿಕ್ಕ ಮೇಲೆ ಸಂಜೆಯ ರೈಲಿಗೆ ಇನ್ನೂ ಸಮಯವಿತ್ತು, ವಿಚಾರಿಸಿಕೊಂಡು ಅಲ್ಲಿನ ಒಂದು ಬಂದೂಕಿನ ಅಂಗಡಿಗೆ ಹೋದೆ. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದವರು ಅರವತ್ತು ದಾಟಿದ ಹೆಂಗಸು, ಗಂಗಾಭವಾನಿ ಎಂದು ಹೆಸರು. ಅಪ್ಪನಿಂದ ಬಂದ ಅಂಗಡಿಯನ್ನು ಮೂವತ್ತು ವರ್ಷದಿಂದ ಅವರೇ ನಡೆಸುತ್ತಿದ್ದಾರಂತೆ. ಲೈಸೆನ್ಸ್ ಇಲ್ಲದೆ ಕೈಗೆ ಕೊಡುವುದಿಲ್ಲ, ನೋಡಲು ಅಡ್ಡಿಯಿಲ್ಲ ಎಂದು ಗಾಜಿನ ಮೇಲೆ ಮಖಮಲ್ಲಿನ ಬಟ್ಟೆ ಹಾಸಿ ಮೂರನ್ನು ಇಟ್ಟರು. ಒಂದು ಪುಟ್ಟದು, ಹಗುರ, ಕೈಚೀಲದಲ್ಲಿಡಬಹುದಾದದ್ದು. ಎಲ್ಲಕ್ಕಿಂತ ಅಗ್ಗ, ಆದರೆ ಗುಂಡೂ ಚಿಕ್ಕದು. ಇನ್ನೊಂದು ಪಿಸ್ತೂಲು, ನೋಡಲು ಚೆಂದ. ಮೂರನೆಯದು ಸರ್ಕಾರಿ ಕಾರ್ಖಾನೆಯ ಪಾಯಿಂಟ್ ಮೂವತ್ತೆರಡು ಬೋರಿನ ರಿವಾಲ್ವರ್, ಆರು ಗುಂಡಿನದು, ಬೆಲೆಯಲ್ಲಿ ನಡುವಿನದು. "ಭಯದಲ್ಲಿ ಕೈ ನಡುಗುತ್ತಮ್ಮಾ, ಪಿಸ್ತೂಲಿನ ಲಾಕು ಗೀಕು ಒಂದೂ ನೆನಪಿಗೆ ಬರೋಲ್ಲ. ರಿವಾಲ್ವರಿಗೆ ಅಷ್ಟು ತಾಪತ್ರಯ ಇಲ್ಲ" ಎಂದು ತೆಲುಗಿನಲ್ಲಿ ಬಿಡಿಸಿ ಹೇಳಿದರು. ಬೆಲೆಯ ಮಾತು ಅಷ್ಟಕ್ಕೇ ಮುಗಿಯುವುದಿಲ್ಲ, ತರಬೇತಿ, ಗಟ್ಟಿ ಪೆಟ್ಟಿಗೆ, ಪ್ರತಿಸಲ ಲೈಸೆನ್ಸ್ ನವೀಕರಿಸುವ ಓಡಾಟ, ಎಲ್ಲ ಸೇರಿಸಿಕೊಳ್ಳಿ ಎಂದರು. ಅಪ್ಪಾಜಿ, ಇದನ್ನೆಲ್ಲ ನೀವೇ ಹೇಳಬಹುದಿತ್ತು. ಒಬ್ಬ ಅಪರಿಚಿತ ಹೆಂಗಸು ಹೇಳಿದರು.

ಆಮೇಲೆ ಅವರು ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದರು. ಐದು ವರ್ಷದ ಮಗುವಿದೆ ಎಂದೆ. ಎಲ್ಲಿ ಇಡುತ್ತೀರಿ ಎಂದರು. ಬೀರುವಿನ ಮೇಲಿನ ಖಾನೆಯಲ್ಲಿ, ಪೆಟ್ಟಿಗೆಯೊಳಗೆ, ಬೀಗ ಹಾಕಿ ಎಂದೆ. "ಸರಿ, ಈಗ ನಾನು ಬಾಗಿಲು ಒದೀತಾ ಇದೀನಿ. ಹೋಗಿ ತನ್ನಿ" ಎಂದು ಮೇಜನ್ನು ಮುಷ್ಟಿಯಿಂದ ಗುದ್ದತೊಡಗಿದರು. ನಾನು ಪೆದ್ದಿಯಂತೆ ಎದ್ದು ನಿಂತೆ. ಅಂಗಡಿಯ ನಡುವೆ, ಇಲ್ಲದ ಕೋಣೆಗೆ ನಡೆದು, ಇಲ್ಲದ ಬೀಗದಕೈ ಹುಡುಕಿ, ಇಲ್ಲದ ಬೀರು ತೆಗೆದೆ. ಅವರು ಗುದ್ದುತ್ತಲೇ ಎಣಿಸುತ್ತಿದ್ದರು. ಪೆಟ್ಟಿಗೆ ತೆರೆದು ಗುಂಡು ತುಂಬುವಷ್ಟರಲ್ಲಿ ಐವತ್ತೆರಡು. "ಬೀಗ ಹಾಕಿದರೆ ನಿಮಗೆ ಸಿಗೋಲ್ಲ, ಹಾಕದಿದ್ದರೆ ಮಗುವಿಗೆ ಸಿಗುತ್ತೆ. ನಾನು ಮಾರೋಳು ತಾಯಿ, ಬೇಡ ಅನ್ನೋಲ್ಲ. ಯೋಚಿಸಿ ಬನ್ನಿ" ಎಂದರು. ನಾನು ಯೋಚಿಸಲಿಲ್ಲ. ಮೂವತ್ತೆರಡರ ರಿವಾಲ್ವರ್ ಎಂದು ಡೈರಿಯಲ್ಲಿ ಬರೆದುಕೊಂಡು ರೈಲು ಹತ್ತಿದೆ, ಮರುವಾರವೇ ಕಮಿಷನರ್ ಕಚೇರಿಗೆ ಅರ್ಜಿ ಕೊಟ್ಟೆ. ಮನೆಗೆ ವಿಚಾರಣೆಗೆ ಬಂದ ಎಸ್.ಐ. ಒಳಗೆಲ್ಲ ಕಣ್ಣಾಡಿಸಿ, ಮನೆಯಲ್ಲಿ ಗಂಡಸರು ಯಾರೂ ಇಲ್ಲವೇ ಎಂದು ಕೇಳಿದರು. ಇಲ್ಲ ಸಾರ್, ಅದಕ್ಕೇ ಇಷ್ಟು ವರ್ಷ ನೆಮ್ಮದಿಯಾಗಿದ್ದೆ ಎಂದೆ. ಅವರು ನಗಲಿಲ್ಲ, ಬರೆದುಕೊಂಡರು.

ಇನ್ನು ಜನವರಿ ಹತ್ತೊಂಬತ್ತರ ಭಾನುವಾರದ ವಿಷಯ. ಬೆಳಿಗ್ಗೆ ಹತ್ತರ ಹೊತ್ತು, ಬಿಂದು ದೋಸೆ ಹುಯ್ಯುತ್ತಿದ್ದಳು, ನಾನು ಬಟ್ಟೆ ಒಣಹಾಕುತ್ತಿದ್ದೆ. ವರಾಂಡದ ಗ್ರಿಲ್ಲಿಗೆ ಬೀಗ ಹಾಕಿತ್ತು. ಅದರ ಮುಂದೆ ಬಂದು ನಿಂತವನು ಅನಿರುದ್ಧ್, ಕೈಯಲ್ಲಿ ಮಿಠಾಯಿ ಡಬ್ಬಿ. "ಗಾಬರಿ ಆಗಬೇಡಿ ಅಕ್ಕ, ಮಾವನೇ ಅಡ್ರೆಸ್ ಕೊಟ್ಟು ಕಳಿಸಿದ್ದಾರೆ" ಎಂದು ನಗುತ್ತಾ ಹೇಳಿದ. ಮೊಬೈಲಿನಲ್ಲಿ ನಿಮ್ಮ ಮೆಸೇಜು ತೋರಿಸಿದ. ಮನೆ ನಂಬರು, ಹಾಲಿನ ಬೂತಿನ ಗುರುತು, ಎಲ್ಲವನ್ನೂ ಕನ್ನಡದಲ್ಲಿ ತಪ್ಪಿಲ್ಲದೆ ಟೈಪು ಮಾಡಿದ್ದಿರಿ. ಕಾಳಮ್ಮತ್ತೆಗೆ ಕಳಿಸಿದ ಪಾರ್ಸೆಲ್ಲಿನ ಮೇಲೆ ನಾನೇ ಬರೆದ ವಿಳಾಸ ಅದು.

ಬೀಗ ತೆಗೆಯುವುದಿಲ್ಲ ಎಂದೆ. ನಗು ಹೋಯಿತು. ಗ್ರಿಲ್ಲನ್ನು ಒದೆಯತೊಡಗಿದ. ನಾನು ೧೧೨ಕ್ಕೆ ಫೋನ್ ಮಾಡುತ್ತಿದ್ದಾಗ ತೇಜ ನನ್ನ ಪಕ್ಕದಿಂದ ನುಸುಳಿ "ನಾನ್ನಾ" ಎಂದು ಓಡಿಹೋಗಿ ಗ್ರಿಲ್ಲಿಗೆ ಮುಖ ಒತ್ತಿ ನಿಂತಿತು. ಎರಡು ತಿಂಗಳಿಂದ ಅಪ್ಪನನ್ನು ಕಾಣದ ಮಗು, ಓಡದೆ ಇನ್ನೇನು ಮಾಡೀತು? ಅವನು ಸರಳುಗಳ ನಡುವೆ ಕೈ ತೂರಿಸಿ ಅವಳ ತೋಳು ಹಿಡಿದು ಎಳೆದ. ಹೆಗಲವರೆಗೂ ಆಚೆ ಹೋಯಿತು. "ಬೀಗ ತೆಗಿ, ಇಲ್ಲಾ ಮುರೀತೀನಿ" ಎಂದ. ಮಗು ಮೊದಲು ಆಟವೆಂದುಕೊಂಡು ನಕ್ಕಿತು, ಆಮೇಲೆ ಚೀರಿತು. ನಾನು ಅವಳ ಸೊಂಟ ಹಿಡಿದುಕೊಂಡೆ, ಎಳೆಯಲು ಹೆದರಿಕೆ, ಬಿಡಲೂ ಹೆದರಿಕೆ. ಬೀಗದಕೈ ನನ್ನ ಸೊಂಟದಲ್ಲೇ ಇತ್ತು. ಇನ್ನೊಂದು ಗಳಿಗೆ ಹಾಗೇ ಇದ್ದಿದ್ದರೆ ತೆಗೆದೇಬಿಡುತ್ತಿದ್ದೆ. ಅಷ್ಟರಲ್ಲಿ ಬಿಂದು ಬಂದಳು. ಕೂಗಲಿಲ್ಲ, ಅಳಲಿಲ್ಲ. ಕೈಯಲ್ಲಿ ದೋಸೆ ಮಗುಚುವ ಸಟ್ಟುಗವಿತ್ತು, ಕಾವಲಿಯ ಮೇಲಿಂದ ಆಗತಾನೆ ತೆಗೆದದ್ದು. ಅದನ್ನು ಅವನ ಮಣಿಕಟ್ಟಿಗೆ ಒತ್ತಿ ಹಿಡಿದಳು. ಅವನು ಮಗುವನ್ನು ಬಿಟ್ಟ ಮೇಲೂ ಒತ್ತಿದ ಕೈ ತೆಗೆಯಲಿಲ್ಲ, ಅವನೇ ಕಿತ್ತುಕೊಳ್ಳಬೇಕಾಯಿತು. "ನಾನು ಬರಲ್ಲ. ನನ್ನ ಮಗಳೂ ಬರಲ್ಲ" ಎಂದಳು. ಅವಳು ಅವನೆದುರು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲಂತೆ. ಮಹಡಿಯವರೆಲ್ಲ ಇಳಿದು ಬಂದರು, ಅವನು ಕಾರು ಹತ್ತಿದ. ಪೊಲೀಸರು ಅವನನ್ನು ಹೆದ್ದಾರಿಯಲ್ಲಿ ಅನಕಾಪಲ್ಲಿ ದಾಟುವ ಮೊದಲೇ ಹಿಡಿದರು.

ತೇಜಳ ತೋಳಿಗೆ ಹದಿನೈದು ದಿನ ಪಟ್ಟಿ ಕಟ್ಟಿತ್ತು, ಈಗ ಸರಿಹೋಗಿದೆ. ಅವತ್ತು ಸಂಜೆ ನಾನು ಬಿಂದುವಿಗೆ, ಲೈಸೆನ್ಸ್ ಬೇಗ ಬರುವಂತೆ ಮತ್ತೊಮ್ಮೆ ಕಚೇರಿಗೆ ಹೋಗುತ್ತೇನೆ ಎಂದೆ. ಅವಳು ಮಗುವಿನ ತಲೆ ಬಾಚುತ್ತಾ, "ಬೇಡ ಅಕ್ಕ" ಎಂದಳು. "ಆರು ವರ್ಷ ಅವನ ಕೈ ಎಲ್ಲೈತೆ ಅಂತ ನೋಡ್ಕಂಡೇ ಉಂಡೆ, ನೋಡ್ಕಂಡೇ ಮಲಗಿದೆ. ಈ ಮನೇಲೂ ಬೀರು ಮ್ಯಾಲೆ ಒಂದು ಕಣ್ಣಿಟ್ಕಂಡು ಬದುಕಕ್ಕಾಗಲ್ಲ." ನಾನು ವಾದ ಮಾಡಿದೆ, ರೇಗಿದೆ ಕೂಡ. ರಾತ್ರಿ ಮಲಗಿದಾಗ ನನಗೇ ಕಂಡಿತು: ಅವನ ಎದೆ ಇದ್ದದ್ದು ಸರಳುಗಳ ಆಚೆ, ತೇಜಳ ತಲೆ ಈಚೆ, ಎರಡೂ ಒಂದೇ ನೇರಕ್ಕೆ. ರಿವಾಲ್ವರ್ ಕೈಯಲ್ಲಿದ್ದಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ, ಅಪ್ಪಾಜಿ. ನನ್ನನ್ನು ನಾನು ಬಲ್ಲೆ. ಮರುದಿನ ಅರ್ಜಿ ವಾಪಸ್ ತೆಗೆದುಕೊಂಡೆ.

ನೀವು ಗೆದ್ದಿರೆಂದು ತಿಳಿಯಬೇಡಿ. ನಾನು ಬಗ್ಗಿದ್ದು ಬಿಂದುವಿನ ಮಾತಿಗೆ, ಆ ಮನೆಯಲ್ಲಿ ಹೆದರಿಕೊಂಡು ಬದುಕಿದವಳು ಅವಳಾದ್ದರಿಂದ. ಅವಳು ಬೇಕೆಂದಿದ್ದರೆ ಇಷ್ಟು ಹೊತ್ತಿಗೆ ತರಬೇತಿಗೆ ಸೇರಿರುತ್ತಿದ್ದೆ, ನೀವು ನೂರು ಸಲ ಫೋನ್ ಇಟ್ಟರೂ. ರಿವಾಲ್ವರಿಗೆಂದು ಇಟ್ಟಿದ್ದ ಹಣ ಹೊಸ ಮನೆಯ ಅಡ್ವಾನ್ಸಿಗೆ ಆಯಿತು. ಮೂರನೇ ಮಹಡಿ, ಕೆಳಗೆ ಹಗಲು ರಾತ್ರಿ ಕಾವಲಿನವರಿದ್ದಾರೆ. ಜಾಮೀನಿನ ಮೇಲೆ ಹೊರಬಂದ ಅನಿರುದ್ಧ್ ನಮ್ಮ ಹತ್ತಿರ ಸುಳಿಯಬಾರದೆಂದು ಇಲ್ಲಿನ ಕೋರ್ಟು ಆದೇಶ ಕೊಟ್ಟಿದೆ. ಬಿಂದುವಿಗೆ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು, ತೇಜ ಅಲ್ಲೇ ಓದುತ್ತಾಳೆ. ಯಾವ ಶಾಲೆ, ಯಾವ ಬಡಾವಣೆ ಎಂದು ಬರೆಯುವುದಿಲ್ಲ. ಹೆತ್ತ ತಂದೆಗೆ ಮನೆಯ ವಿಳಾಸ ಮುಚ್ಚಿಡುವ ಮಗಳು ಎಂಥವಳು ಎಂದು ಊರಿನವರು ಕೇಳಿದರೆ, ಮೆಸೇಜು ಕಳಿಸಿದ್ದನ್ನೂ ಸೇರಿಸಿ ಹೇಳಿ.

ಮಾತ್ರೆ ಬಿಡಬೇಡಿ. ಬಿಸಿಲು ಏರುವ ಮೊದಲೇ ನಡಿಗೆ ಮುಗಿಸಿ. ಅತ್ತೆಯ ಕಾಲಿಗೆ ನನ್ನ ನಮಸ್ಕಾರ, ತೇಜಳಿಂದ ಅಜ್ಜಿಗೆ ಒಂದು ಮುತ್ತು. ನಿಮಗೂ ಕೊಡಬೇಕಂತೆ, ಅವಳಿಗೆ ಇದ್ಯಾವುದೂ ತಿಳಿಯದು.

ನಿಮ್ಮ ಹಿರಿಯ ಮಗಳು,
ಲೀಲಾವತಿ

ವಿ.ಸೂ.: ಇದನ್ನೇ ಮೊದಲು ಬರೆಯಬೇಕಿತ್ತು, ಕೈ ಮುಂದಾಗಲಿಲ್ಲ. ಹೆಂಡತಿಯನ್ನು ವಾಪಸ್ ಕಳಿಸಿಕೊಡಿ ಎಂದು ಅನಿರುದ್ಧ್ ವಿಜಯವಾಡದ ಕೋರ್ಟಿನಲ್ಲಿ ಹಾಕಿರುವ ಕೇಸು ಇದೇ ೨೪ರ ಸೋಮವಾರ ಬರುತ್ತದೆ. ಎರಡೂ ಕಡೆಯ ಹಿರಿಯರನ್ನು ಕೂರಿಸಿ ಮಾತಾಡುತ್ತಾರಂತೆ. ಅವನು ತನ್ನ ಕಡೆಯ ಹಿರಿಯರೆಂದು ನಿಮ್ಮ ಹೆಸರು ಬರೆಸಿದ್ದಾನೆ, ನಮ್ಮ ವಕೀಲರು ತೋರಿಸಿದರು. ಹೋದ ಯುಗಾದಿಗೆ ಹಿರಿಯೂರಿಗೆ ಬಂದಿದ್ದಾಗ ಬಿಂದು ಅಡುಗೆಮನೆಯಲ್ಲಿ ರವಿಕೆಯ ತೋಳು ಸರಿಸಿ ಅವನು ಹೊಡೆದ ಬಾಸುಂಡೆಗಳನ್ನು ನಿಮಗೊಬ್ಬರಿಗೇ ತೋರಿಸಿದಳಂತೆ. ನೀವು ಹರಳೆಣ್ಣೆ ಬಿಸಿಮಾಡಿ ತಂದು ಕೊಟ್ಟಿರಂತೆ. ಅದನ್ನು ಅವಳು ನನಗೆ ಹೇಳಿದ್ದು ಮೊನ್ನೆ. ಬಳ್ಳಾರಿಯಿಂದ ವಿಜಯವಾಡಕ್ಕೆ ರೈಲಿದೆ. ಬನ್ನಿ, ಅಂದು ಕಂಡದ್ದನ್ನು ಅಷ್ಟನ್ನೇ ಹೇಳಿ, ನಮ್ಮ ಪಕ್ಕ ಕುಳಿತುಕೊಳ್ಳಿ. ಅದು ಆಗದಿದ್ದರೆ ಹಿರಿಯೂರಿನಲ್ಲೇ ಇರಿ. ಅವನ ಪಕ್ಕದ ಕುರ್ಚಿಯಲ್ಲಿ ಮಾತ್ರ ನಿಮ್ಮನ್ನು ಬಿಂದು ನೋಡಬಾರದು.