ಬಲಗೆನ್ನೆ

ಮಾರ್ಚ್ ೯, ಭಾನುವಾರ

ಪ್ರೀತಿಯ ಪಿಟೀಲು,

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೀರಿ ತಾನೆ? (ಚಿಕ್ಕಂದಿನಲ್ಲಿ ನೀನು ಅಳುತ್ತಿದ್ದ ರಾಗ ಇನ್ನೂ ಕಿವಿಯಲ್ಲಿದೆ, ಹೆಸರು ಬದಲಾಗುವುದಿಲ್ಲ.) ನಿನ್ನ ಪತ್ರಕ್ಕೆ ಉತ್ತರಿಸಲು ಎರಡು ತಿಂಗಳು ಹಿಡಿಯಿತು, ಬೇಜಾರು ಮಾಡಿಕೊಳ್ಳಬೇಡ. ಅಂಗಡಿಯಲ್ಲಿ ಕೆಲಸ ಜಾಸ್ತಿ ಎಂದು ಬರೆಯಬಹುದಿತ್ತು. ಸುಳ್ಳು. ನಿನ್ನ ಮೇಲೆ ಸಿಟ್ಟಿತ್ತು.

ಕನ್ನಡಕದಂಗಡಿಯವನಿಗೆ ಈ ವಯಸ್ಸಿನಲ್ಲಿ ಕ್ಯಾಮೆರಾ ಹುಚ್ಚು ಯಾಕೆ ಅಂತ ನಕ್ಕವಳು ನೀನೇ. ಗ್ರಂಥಾಲಯದ ಮಹಡಿಯಲ್ಲಿ ತಿಂಗಳಿಗೊಮ್ಮೆ ನಮ್ಮಂಥ ಹವ್ಯಾಸಿಗಳು ಸೇರಿ ಫೋಟೋಗಳನ್ನು ಗೋಡೆಗೆ ಅಂಟಿಸುತ್ತೇವೆ, ಆಮೇಲೆ ಒಬ್ಬರದಕ್ಕೊಬ್ಬರು ತಪ್ಪು ಹುಡುಕುತ್ತೇವೆ. ನಾನು ಅಮ್ಮನ ಐದು ಫೋಟೋ ಒಯ್ದಿದ್ದೆ. ಕಿಟಕಿಯ ಬೆಳಕು ಎಷ್ಟು ಚೆನ್ನಾಗಿ ಬಿದ್ದಿತ್ತೆಂದರೆ, ಹೊಗಳಿಕೆಗೆ ಕಿವಿ ನಿಮಿರಿಸಿಕೊಂಡೇ ನಿಂತಿದ್ದೆ.

ನಮ್ಮಲ್ಲೊಬ್ಬರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. "ಅವರು ನೋಡ್ತಿರೋ ಕಡೆ ಜಾಗ ಬಿಡಿ ಸ್ವಾಮಿ, ಮೂಗು ಚೌಕಟ್ಟಿಗೆ ತಾಗ್ತಿದೆ" ಅಂದರು. ಒಪ್ಪಿಕೊಂಡೆ. ಆಮೇಲೆ ಐದನ್ನೂ ಸಾಲಾಗಿ ನೋಡಿ, "ಅಲ್ಲಾ, ಐದರಲ್ಲೂ ಬಲಗೆನ್ನೆನೇ ಮುಂದೆ. ಒಂದರಲ್ಲೂ ನೇರ ಕೂತಿಲ್ಲ. ನಿಮ್ಮ ತಾಯಿಗೆ ನಿಮ್ಮನ್ನ ಕಂಡ್ರೆ ಆಗಲ್ವಾ?" ಅಂದರು. ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ.

ಅವತ್ತಿನಿಂದ ತಲೆಯಲ್ಲಿ ಹುಳ ಹೊಕ್ಕಿತು. ಅಮ್ಮ ನಿನ್ನ ಜೊತೆ ಫೋನಿನಲ್ಲಿ ಪಿಸುಗುಟ್ಟುವುದು, ನನ್ನ ಚಪ್ಪಲಿ ಸದ್ದಾದ ಕೂಡಲೇ "ಇಡ್ತೀನಿ ಕಣೆ" ಅನ್ನುವುದು. ಕಳೆದ ಸಲ ನೀನು ಬಂದಾಗ ಇಬ್ಬರೂ "ಪೇಟೆಗೆ ಹೋಗ್ಬರ್ತೀವಿ" ಎಂದು ಹೋಗಿ, ಮೂರು ಗಂಟೆ ಬಿಟ್ಟು ಖಾಲಿ ಚೀಲ ಹಿಡಿದು ಬಂದದ್ದು. ಅಮ್ಮನನ್ನು ನಿನ್ನ ಮನೆಗೆ ಸಾಗಿಸುವ ಮಸಲತ್ತು ನಡೆದಿದೆ, ಅದಕ್ಕೇ ನನಗೆ ಮುಖ ಕೊಡಲಾರಳು ಎಂದುಕೊಂಡೆ. ನಾಚಿಕೆ ಬಿಟ್ಟು ಅವಳ ಕಪಾಟನ್ನೂ ತಡಕಾಡಿದೆ. ಹಳೇ ಗುಂಡಿಗಳ ಡಬ್ಬಿ ಬಿಟ್ಟು ಏನೂ ಸಿಗಲಿಲ್ಲ.

ನಿನ್ನೆ ಬೆಳಿಗ್ಗೆ ಮತ್ತೆ ಕಿಟಕಿ ಹತ್ತಿರ ಕೂರಿಸಿದೆ. "ನೇರ ನೋಡಮ್ಮ" ಅಂದೆ. "ನೋಡ್ತಾನೇ ಇದೀನಲ್ಲೋ" ಅಂದಳು, ಮುಖ ಮಾತ್ರ ಆ ಕಡೆಗೇ. ರೇಗಿಹೋಯಿತು. ಕ್ಯಾಮೆರಾ ಕೆಳಗಿಟ್ಟು, ಫ್ರೇಮು ಕೂರಿಸುವಾಗ ಗಿರಾಕಿಗಳಿಗೆ ಮಾಡುವಂತೆ, ಎರಡೂ ಕೈಯಲ್ಲಿ ಅವಳ ಮುಖ ಹಿಡಿದು ತಿರುಗಿಸಿದೆ. ನನ್ನ ಹೆಬ್ಬೆರಳು ಅವಳ ಎಡಗಣ್ಣಿನ ಮುಂದೆಯೇ ಹಾದುಹೋಯಿತು. ರೆಪ್ಪೆ ಅಲುಗಲಿಲ್ಲ ಪಿಟೀಲು.

ಬಲಗಣ್ಣು ಮುಚ್ಚಿ, "ಎಷ್ಟು ಬೆರಳು?" ಅಂದೆ. "ಹೋಗೋ, ನನಗೇ ಪರೀಕ್ಷೆ ಮಾಡ್ತೀಯಾ" ಅಂದಳು. ಎಷ್ಟು ಅಂತ ಹೇಳಲಿಲ್ಲ.

ಆಮೇಲೆ ಬಾಯಿ ಬಿಟ್ಟಳು. ಅವತ್ತು ನೀವು ಹೋದದ್ದು ಕಣ್ಣಿನ ಡಾಕ್ಟರ ಹತ್ತಿರ. "ಆರು ತಿಂಗಳ ಮುಂಚೆ ಬಂದಿದ್ರೆ ಉಳಿಸ್ಬಹುದಿತ್ತು" ಅಂದರಂತೆ. ಅಣ್ಣನಿಗೆ ಹೇಳಬೇಡ ಎಂದು ನಿನ್ನಿಂದ ಮಾತು ತೆಗೆದುಕೊಂಡಳಂತೆ. ನೀನಾದರೂ ಹೇಳಬಾರದಿತ್ತೇನೇ? ದಿನವಿಡೀ ಊರವರ ಕಣ್ಣು ನೋಡುವವನ ಮನೆಯಲ್ಲಿ ಈ ನಾಟಕ! ಉಳಿದ ಒಂದು ಕಣ್ಣಿಗೆ ನಾನು ಪೂರ್ತಿ ಕಾಣಲಿ ಎಂದು ಹಾಗೆ ಕೂರುತ್ತಿದ್ದಳಂತೆ.

ಮಕ್ಕಳಿಗೆ ನನ್ನ ಮುದ್ದು. ನೂರು ವರ್ಷ ಸುಖವಾಗಿರಿ. ನೀನೂ ಒಮ್ಮೆ ಕಣ್ಣು ತೋರಿಸಿಕೋ, ನನ್ನ ಹತ್ತಿರ ಅಲ್ಲ, ಡಾಕ್ಟರ ಹತ್ತಿರ.

ನಿನ್ನ
ಅಣ್ಣ

ತಾ.ಕ.: ನನಗೆ ಯಾಕೆ ಹೇಳಬಾರದೆಂದು ಅಮ್ಮ ನಿನಗೆ ಹೇಳಿರಲಾರಳು. ಹೋದ ವರ್ಷ ಅವಳು ಮೊದಲು ನನ್ನ ಅಂಗಡಿಗೇ ಬಂದಿದ್ದಳು. "ಎಡಗಣ್ಣು ಮಂಜುಮಂಜು ಕಣೋ" ಅಂದಳು. ಗಿರಾಕಿಗಳಿದ್ದರು. ನಾನು ತಲೆಯೆತ್ತದೆ, "ಹೊಸ ಕನ್ನಡಕ ಅಲ್ವಾ, ಅಭ್ಯಾಸ ಆಗತ್ತೆ, ಸುಮ್ನಿರು" ಅಂದೆ. ಅವಳು ಸುಮ್ಮನಿದ್ದಳು.